ಹದಿನೇಳನೆಯ ಗಾಡಿಯ ಸರದಿ

ಜೂನ್ ತಿಂಗಳ ಮೊದಲ ಭಾನುವಾರ, ಮಧ್ಯಾಹ್ನದ ಊಟಕ್ಕೆ ಕಡಲೆಕಾಯಿ ಸಾರು ಬಡಿಸುತ್ತ ಸಬೀನಾ, ಈ ಸಲ ಜುಲೈನ ಚಳಿಗಾಲದ ರಜೆಗೆ ಮನೆಮಂದಿಯೆಲ್ಲ ಸೊರಾತಾಕ್ಕೆ ಹೋಗೋಣ ಎಂದಳು.

ಮನೆಯಲ್ಲಿ ಇದ್ದವರೇ ನಾಲ್ವರು. ಮುದುಕಿ ಬಸಿಲಿಯಾ, ಅವಳ ಸೊಸೆ ಸಬೀನಾ, ಸಬೀನಾಳ ಹದಿನಾರು ವರ್ಷದ ಮಗಳು ವಾರಾ, ಬಸಿಲಿಯಾಳ ಕಿರಿಮಗ ತೆಯೊದೊರೊ. ಹಿರಿಮಗ ಸೆವೆರೊ, ಅಂದರೆ ಸಬೀನಾಳ ಗಂಡ, ಲಾ ಪಾಸಿನಿಂದ ಸೊರಾತಾಕ್ಕೆ ಹನ್ನೊಂದು ವರ್ಷ ಮಿನಿಬಸ್ಸು ಓಡಿಸಿದವನು. ಬರುವ ಆಗಸ್ಟಿಗೆ ಮೂರು ವರ್ಷ. ಕೊನೆಯ ಪ್ರಯಾಣಿಕರನ್ನು ಮೇಲಿನ ಹಳ್ಳಿಯಲ್ಲಿ ಇಳಿಸಿ, ಸೊರಾತಾ ಇನ್ನೇನು ಬಂತು ಅನ್ನುವಲ್ಲಿ, ಒಂದು ತಿರುವಿನಿಂದ ಗಾಡಿ ಸಮೇತ ಕೆಳಗೆ ಹೋಗಿದ್ದ.

ಬಸಿಲಿಯಾ ಬಟ್ಟಲನ್ನು ಮುಂದಕ್ಕೆ ಎಳೆದುಕೊಂಡಳು. ಸಾರಿನಿಂದ ಪೆಟ್ರೋಲಿನ ವಾಸನೆ ಬಂತು. ಮಗ ಸತ್ತಾಗಿನಿಂದ ಹಾಗೆಯೇ. ಯಾರಾದರೂ ಆ ಊರಿನ ಹೆಸರೆತ್ತಿದರೆ ಸಾಕು, ಉಣ್ಣುವ ಅನ್ನಕ್ಕೆಲ್ಲ ಪೆಟ್ರೋಲು ಬಂದು ಸೇರುತ್ತಿತ್ತು.

"ಸೊರಾತಾ ಯಾಕೆ?" ಎಂದಳು. "ಕೊರೊಯಿಕೊಗೆ ಹೋಗಿ. ಬೆಚ್ಚಗಿರುತ್ತೆ. ಕಿತ್ತಳೆ ಸಿಗುತ್ತೆ."

"ಕಿತ್ತಳೆ ಇಲ್ಲೂ ಸಿಗುತ್ತೆ ಅತ್ತೆ. ನಂಗೆ ಇಲ್ಯಾಂಪು ಬೆಟ್ಟ ನೋಡ್ಬೇಕು."

"ಬೆಟ್ಟ ನೋಡೋಕೆ ಅಷ್ಟು ದೂರ ಹೋಗ್ಬೇಕಾ ಅತ್ತಿಗೆ?" ತೆಯೊದೊರೊ ರೊಟ್ಟಿ ಮುರಿಯುತ್ತ ಅಂದ. "ಬಾಗಿಲು ತೆಗೆದ್ರೆ ಎದುರಿಗೇ ಇಲ್ಯಿಮಾನಿ ಕೂತಿದಾನೆ. ಚಾರ್ಜೂ ಇಲ್ಲ."

"ನೀನು ಬಾಗಿಲಲ್ಲೇ ಕೂತು ರಜೆ ಕಳಿ. ನಿಮ್ಮಣ್ಣ ಹನ್ನೊಂದು ವರ್ಷ ಹೋಗಿ ಬಂದ, ನನ್ನ ಒಂದು ಸಲ ಕರ್ಕೊಂಡು ಹೋಗ್ಲಿಲ್ಲ. ಕೇಳಿದ್ರೆ ಏನಂತಿದ್ದ? ಸೀಟು ತುಂಬಿದೆ, ಹೆಂಡ್ತಿನ ಕೂರ್ಸಿದ್ರೆ ಒಬ್ಬರ ಚಾರ್ಜು ಹೋಗುತ್ತೆ. ಈಗ ನಾನೇ ಚಾರ್ಜು ಕೊಟ್ಟು ಹೋಗ್ತೀನಿ. ಮೂರನೇ ಮೇಜೂ ಹಾಕಿ ಆಯ್ತು. ಇನ್ಯಾಕೆ ಹೆದರ್ಬೇಕು?"

ಅದು ನಿಜ. ಸತ್ತವರ ಹಬ್ಬಕ್ಕೆ ಮೂರು ನವೆಂಬರು ಮೇಜು ಹಾಕಿ, ರೊಟ್ಟಿಯ ಬೊಂಬೆ, ಕಬ್ಬು, ಅವನಿಗೆ ಇಷ್ಟವಾದ ಹುರಿದ ಹಂದಿಮಾಂಸ ಎಲ್ಲ ಇಟ್ಟು ಉಣ್ಣಿಸಿ ಕಳಿಸಿಕೊಟ್ಟಿದ್ದರು. ಮೂರು ಸಲ ಉಂಡುಹೋದವರು ಮತ್ತೆ ಮನೆಯ ಕಡೆ ತಿರುಗುವುದಿಲ್ಲ. ಸಬೀನಾ ಕಪ್ಪು ಬಟ್ಟೆ ತೆಗೆದಿಟ್ಟಿದ್ದಳು. ಶಾಲೆಯ ಬಾಗಿಲಲ್ಲಿ ಮಾಂಸದ ಕಡುಬು ಕರಿದು ಮಾರುವಾಗ ಈಚೆಗೆ ನಗುತ್ತಲೂ ಇದ್ದಳು.

ಬಸಿಲಿಯಾ ಹೆದರಿದ್ದು ಮಗನಿಗಲ್ಲ. ಗಾಡಿಗೆ.

ಸೆವೆರೊನನ್ನು ಸ್ಮಶಾನದ ಗೋಡೆಯ ಗೂಡಿನಲ್ಲಿಟ್ಟು ಸಿಮೆಂಟು ಮೆತ್ತಿದ ದಿನ ಸಬೀನಾ ಅತ್ತೆಯ ಎರಡೂ ಕೈ ಹಿಡಿದುಕೊಂಡು ಕೇಳಿದ್ದಳು: "ಆ ಗಾಡಿನ ಉಳಿಸ್ಬೇಡಿ. ಒಡೆಸಿಬಿಡಿ, ಕರಗಿಸಿಬಿಡಿ. ಇನ್ನೊಬ್ಬಳ ಗಂಡ ಅದರಲ್ಲಿ ಕೂರ್ಬಾರ್ದು." ಬಸಿಲಿಯಾ ಹಸಿ ಸಿಮೆಂಟಿನ ಮೇಲೆ ಅಂಗೈ ಇಟ್ಟು ಆಗಲಿ ಅಂದಿದ್ದಳು. ಆಮೇಲೆ ಮಳೆಗಾಲ ಬಂತು, ಸೂರು ಸೋರಿತು, ವಾರಾಳ ಶಾಲೆ ನಿಲ್ಲಿಸುವ ಮಾತು ಬಂತು. ಅದೇ ದಾರಿಯಲ್ಲಿ ಗಾಡಿ ಓಡಿಸುವ ಎಲೆಯುತೇರಿಯೊ, ಸಬೀನಾ ಕಡುಬು ಮಾರಲು ಹೋಗಿದ್ದಾಗ ಮನೆಗೆ ಬಂದು, ಇಂಜಿನ್ನಿಗೆ ಏನೂ ಆಗಿಲ್ಲಮ್ಮ ಅಂದ. ಬಸಿಲಿಯಾ ಮಾರಿದಳು. ತೆಯೊದೊರೊ ವೆಲ್ಡಿಂಗ್ ಕೆಲಸದವನು. ಸೊಟ್ಟಗಾಗಿದ್ದ ಬಾಗಿಲನ್ನು ಅವನೇ ನೆಟ್ಟಗೆ ಮಾಡಿ, ಎತ್ತಿನ ಕೊಂಬಿನ ಹಾಗೆ ಬಗ್ಗಿಸಿದ ಒಂದು ಕಬ್ಬಿಣದ ಹಿಡಿ ಹಾಕಿಕೊಟ್ಟ. ಮನೆಯ ಗೇಟಿಗೂ ಅವನು ಹಾಕಿದ್ದು ಅಂಥದೇ ಹಿಡಿ. ಸಬೀನಾಳಿಗೆ, ಗುಜರಿಯವನು ಒಡೆದು ಒಯ್ದ ಎಂದು ಹೇಳಿದರು.

ಒರೂರೊದಲ್ಲಿರುವ ಅಣ್ಣಂದಿರು ಸಬೀನಾಳನ್ನು ಮಗಳ ಸಮೇತ ಬಂದುಬಿಡು ಎಂದು ಕರೆಯುತ್ತಲೇ ಇದ್ದರು. ಅವಳು ಹೋಗಿರಲಿಲ್ಲ. "ನಮ್ಮತ್ತೆ ಬಾಯಲ್ಲಿ ಎರಡು ಮಾತಿಲ್ಲ. ಅಂಥವರನ್ನ ಬಿಟ್ಟು ಎಲ್ಲಿಗೆ ಹೋಗ್ಲಿ?" ಎಂದು ಫೋನಿನಲ್ಲಿ ಹೇಳುವುದನ್ನು ಬಸಿಲಿಯಾ ಆಲೂಗಡ್ಡೆ ಸುಲಿಯುತ್ತ ಕೇಳಿಸಿಕೊಂಡಿದ್ದಳು.

ಸೋಮವಾರ ಆತ್ಮಗಳ ದಿನ. ಪ್ರತಿ ಸೋಮವಾರ ಬಸಿಲಿಯಾ ಸ್ಮಶಾನಕ್ಕೆ ಹೋಗಿ ಗೂಡಿನ ಗಾಜು ಒರೆಸಿ ಹೂ ಬದಲಿಸಿ ಬರುವಾಗ, ಪಕ್ಕದ ಬೀದಿಯ ಮೂಲೆಯಲ್ಲಿ ನಿಲ್ಲುತ್ತಿದ್ದಳು. ಸೊರಾತಾದ ಗಾಡಿಗಳು ಹೊರಡುವುದು ಅಲ್ಲಿಂದಲೇ. ಸೆವೆರೊನ ಬಿಳಿಯ ಗಾಡಿಗೆ ಈಗ ನೀಲಿ ಬಣ್ಣ ಬಳಿದು, ಹಣೆಗೆ ಹದಿನೇಳು ಎಂದು ಬರೆದಿದ್ದರು. ಒಳಗೆ ಕೂತವನು ಎಲೆಯುತೇರಿಯೊ ಎಂದು ಅವಳಿಗೆ ಗೊತ್ತು. ಆದರೂ ಧೂಳು ಹಿಡಿದ ಗಾಜಿನ ಹಿಂದೆ ಅವಳಿಗೆ ಕಾಣುತ್ತಿದ್ದುದು ಸೆವೆರೊನ ಹೆಗಲು.

ವಾರಾ ಒಂದು ದೊಡ್ಡ ಹಾಳೆಯಲ್ಲಿ ಪಟ್ಟಿ ಬರೆದು ಅಡುಗೆಮನೆಯ ಗೋಡೆಗೆ ಅಂಟಿಸಿದಳು. ಬುಧವಾರ ಆರಕ್ಕೆ ಮನೆ ಬಿಡುವುದು. ಕೆಳಗಿನ ಬೀದಿಯಿಂದ ಮಿನಿಬಸ್ಸು. ಆಮೇಲೆ ಕೆಂಪು ಕೇಬಲ್ ಗಾಡಿ, ಸ್ಮಶಾನದ ನಿಲ್ದಾಣದಲ್ಲಿ ಇಳಿಯುವುದು. ಏಳು ಹತ್ತಕ್ಕೆ ಸೊರಾತಾದ ಗಾಡಿ. ಹನ್ನೊಂದೂವರೆಗೆ ಸೊರಾತಾ. ಮಾರನೆಯ ದಿನ ಎಂಟಕ್ಕೆ ಬೆಟ್ಟದ ಬುಡಕ್ಕೆ ಜೀಪು.

"ಏಳು ಹತ್ತಕ್ಕಾ?" ಬಸಿಲಿಯಾ ಕೇಳಿದಳು. "ಯಾರು ಹೇಳಿದ್ರು?"

"ನಾನೇ ಲೆಕ್ಕ ಹಾಕಿದೆ ಅಜ್ಜಿ."

"ಗಾಡಿ ನಿನ್ನ ಲೆಕ್ಕಕ್ಕೆ ಹೊರಡುತ್ತಾ? ಹದಿನಾಲ್ಕು ಕುಂಡೆ ಕೂತಾಗ ಹೊರಡುತ್ತೆ. ಹದಿಮೂರು ಕೂತಿದ್ರೆ ಮಧ್ಯಾಹ್ನ ಆದ್ರೂ ಅಲ್ಲೇ ನಿಂತಿರುತ್ತೆ."

"ಮತ್ತೆ ನಾನೇನು ಬರೀಲಿ? ಏಳಕ್ಕೆ ಕುಂಡೆ ಅಂತ ಬರೀಲಾ?"

ಸಬೀನಾ ಕಡುಬಿನ ಹಿಟ್ಟು ನಾದುತ್ತಿದ್ದವಳು ನಗು ತಡೆಯಲಾರದೆ ಮುಖವನ್ನು ತೋಳಿಗೆ ಒತ್ತಿಕೊಂಡಳು. ಬಸಿಲಿಯಾ ನಗಲಿಲ್ಲ. ಯಾವ ಗಾಡಿ ತುಂಬುತ್ತದೋ ಅದನ್ನೇ ಹತ್ತಬೇಕು. ಇಂಥದು ಬೇಕು, ಇಂಥದು ಬೇಡ ಅನ್ನುವಂತಿಲ್ಲ. ಸಾಲಿನಲ್ಲಿ ಯಾರ ಸರದಿಯೋ ಅವರ ಗಾಡಿ.

ಆ ಸೋಮವಾರ ಅವಳು ಚೀಟಿ ಕೊಡುವ ಹೆಂಗಸಿನ ಹತ್ತಿರ ಹೋಗಿ ಮಾತಿಗೆ ನಿಂತಳು. ಸಾಲಿನಲ್ಲಿ ಇಪ್ಪತ್ತು ಗಾಡಿ. ದಿನಕ್ಕೆ ಹೆಚ್ಚು ಕಡಿಮೆ ಐದು ಹೋಗುತ್ತವೆ. ನಾಲ್ಕು ದಿನಕ್ಕೊಮ್ಮೆ ಒಂದೊಂದರ ಸರದಿ. ಅವಳು ನೋಡುತ್ತಿದ್ದಂತೆಯೇ ಹದಿನೇಳು ತುಂಬಿ ಹೊರಟಿತು. ಮನೆಗೆ ಬಂದವಳೇ ಇಪ್ಪತ್ತು ಅವರೆಕಾಳು ಎಣಿಸಿ ಒಂದು ತಟ್ಟೆಯಲ್ಲಿ ಸಾಲಾಗಿ ಜೋಡಿಸಿದಳು. ಒಂದಕ್ಕೆ ಮಸಿ ಹಚ್ಚಿದಳು. ದಿನಾ ಬೆಳಿಗ್ಗೆ ಸಾಲಿನ ತಲೆಯಿಂದ ಐದು ಕಾಳು ತೆಗೆದು ಬಾಲಕ್ಕೆ ಇಡುತ್ತಿದ್ದಳು.

"ಇದೇನತ್ತೆ, ಎಣಿಸಿ ಸಾರು ಮಾಡ್ತೀರಾ?" ಸಬೀನಾ ಕೇಳಿದಳು.

"ನೆನೆ ಹಾಕೋಕೆ. ಹುಳುಕು ನೋಡ್ತಿದೀನಿ."

"ಹದಿನೈದು ದಿನದಿಂದ ಅದೇ ಇಪ್ಪತ್ತು ಕಾಳಿನ ಹುಳುಕಾ?"

ಮಸಿಯ ಕಾಳು ಬಂದು ಬಂದು ವಾರಾಳ ಬುಧವಾರಕ್ಕೇ ಸರಿಯಾಗಿ ನಿಲ್ಲುವುದನ್ನು ಬಸಿಲಿಯಾ ಕಂಡಳು. ಆ ದಿನ ಊಟಕ್ಕೆ ಕೂತಾಗ, ಬುಧವಾರ ತನಗೆ ಪಕ್ಕದ ಬೀದಿಯಲ್ಲಿ ತೀರಿಕೊಂಡವರೊಬ್ಬರ ಒಂದು ವರ್ಷದ ಪೂಜೆಗೆ ಹೋಗುವುದಿದೆ, ಶುಕ್ರವಾರ ಹೊರಡೋಣ ಎಂದಳು.

"ಯಾರ ಪೂಜೆ?" ಸಬೀನಾ ಕೇಳಿದಳು.

"ನಿಂಗೆ ಗೊತ್ತಿಲ್ಲದೋರು."

"ಈ ಬೀದೀಲಿ ನಂಗೆ ಗೊತ್ತಿಲ್ಲದ ಸಾವು ಯಾವುದಿದೆ? ನಿಮಗೆ ನಾನು ಹೋಗೋದೇ ಇಷ್ಟ ಇಲ್ಲ ಅತ್ತೆ. ನೇರ ಹೇಳಿ. ಅವನು ಹೋದ್ಮೇಲೆ ನಾನು ನಗೋದು, ಉಣ್ಣೋದು, ಊರು ನೋಡೋದು ನಿಮಗೆ ಕಣ್ಣಿಗೆ ಚುಚ್ಚುತ್ತೆ."

"ಹಾಗಂತ ನಾನಂದ್ನಾ?"

"ಅನ್ನಲ್ಲ. ನೀವು ಏನೂ ಅನ್ನಲ್ಲ. ಚಮಚ ಇಟ್ಟು ಎದ್ದು ಹೋಗ್ತೀರಿ."

ಬಸಿಲಿಯಾ ನಿಜಕ್ಕೂ ಚಮಚ ಇಟ್ಟು ಏಳುತ್ತಿದ್ದಳು. ಮತ್ತೆ ಕೂತಳು. ವಾರಾ ಯಾರ ಮುಖವನ್ನೂ ನೋಡದೆ ಎದ್ದು ಗೋಡೆಯ ಪಟ್ಟಿಯಲ್ಲಿ ಬುಧವಾರ ಹೊಡೆದು ಶುಕ್ರವಾರ ಎಂದು ಬರೆದಳು.

ಮರುದಿನ ನಲ್ಲಿಯ ಹತ್ತಿರ ತೆಯೊದೊರೊ ತಾಯಿಯನ್ನು ಹಿಡಿದ. "ಹೇಳಿಬಿಡಮ್ಮ. ಎಷ್ಟು ದಿನ ಕಾಳು ಆಡಿಸ್ತೀಯ?"

"ಒರೂರೊಗೆ ಹೋಗ್ತಾಳೆ. ಮಗೂನ ಕರ್ಕೊಂಡು ಹೋಗ್ತಾಳೆ. ಆಮೇಲೆ ನೀನು ನಾನು ಇಬ್ಬರೇ ಕೂತು ಉಣ್ಣೋಣ."

"ನಾನು ಮಾಡಿದ ಸಾರು ತಿಂದು ನೀನೂ ಒರೂರೊಗೆ ಹೋಗ್ತೀಯ," ಎಂದ ಅವನು. ಆಮೇಲೆ ಮೆಲ್ಲಗೆ, "ಹಿಡಿ ಹಾಕಿದ್ದು ನಾನು. ನನ್ನ ಮುಖಕ್ಕೂ ಉಗೀತಾಳೆ," ಎಂದ.

ರಜೆ ಶುರುವಾದ ಮಂಗಳವಾರ ಸೊರಾತಾ ದಾರಿಯ ವರಿಸಾತಾದ ಹತ್ತಿರ ರೈತರು ರಸ್ತೆ ತಡೆದರು. ರೇಡಿಯೋದಲ್ಲಿ ಬಂತು. ಕಲ್ಲು ಸುರಿದಿದ್ದಾರೆ, ಟೈರು ಸುಡುತ್ತಿದ್ದಾರೆ, ಒಂದು ಗಾಡಿಯೂ ಹೋಗುತ್ತಿಲ್ಲ. ಬಸಿಲಿಯಾಳಿಗೆ ಒಳಗೊಳಗೇ ಸಮಾಧಾನವಾಯಿತು. ಇನ್ನು ಎರಡು ವಾರ ಹೀಗೇ ಇದ್ದರೆ ಶಾಲೆಯೇ ಶುರುವಾಗುತ್ತದೆ. ಆದರೂ ರೂಢಿ ಬಿಡದೆ ಬೆಳಿಗ್ಗೆ ಐದು ಕಾಳು ಸರಿಸಿದಳು. ಬುಧವಾರವೂ ಐದು ಸರಿಸಿದಳು. ಮಸಿಯ ಕಾಳು ಬಾಲಕ್ಕೆ ಹೋಯಿತು. ಗುರುವಾರ ಮಾತುಕತೆ ಮುಗಿದು ರಸ್ತೆ ಬಿಟ್ಟರು. ಕಾಳು ನೋಡಿದರೆ ಶುಕ್ರವಾರಕ್ಕೆ ಏನೂ ಭಯವಿರಲಿಲ್ಲ. ರಸ್ತೆ ನಿಂತಿದ್ದ ಎರಡು ದಿನ ಸಾಲೂ ನಿಂತಿತ್ತು, ಬುಧವಾರದ ಗಾಡಿ ಶುಕ್ರವಾರಕ್ಕೆ ಬಂದು ನಿಂತಿತ್ತು ಎನ್ನುವುದು ಅವಳ ತಲೆಗೆ ಹೊಳೆಯಲಿಲ್ಲ.

ಶುಕ್ರವಾರ ಬೇಯಿಸಿದ ಆಲೂಗಡ್ಡೆ, ಆಲೂಗಡ್ಡೆಯನ್ನೇ ಕಪ್ಪಗೆ ಒಣಗಿಸಿದ ಚೂನ್ಯೊ, ಚೀಸು, ಕಡುಬು ಎಲ್ಲವನ್ನೂ ಬಣ್ಣದ ಬಟ್ಟೆಯಲ್ಲಿ ಗಂಟು ಕಟ್ಟಿ ಸಬೀನಾ ಬೆನ್ನಿಗೆ ಹಾಕಿಕೊಂಡಳು. ಕೇಬಲ್ ಗಾಡಿಯಿಂದ ಇಳಿದು, ಹೂ ಮಾರುವವರನ್ನು ದಾಟಿ ಮೂಲೆ ತಿರುಗಿದರು.

"ಸೊರಾತಾನಾ?" ಚೀಟಿಯ ಹೆಂಗಸು ಕೂಗಿದಳು. "ಬೇಗ ಹತ್ತಿ. ನಾಲ್ಕೇ ಬಾಕಿ, ನಾಲ್ಕು ಸೇರಿದ್ರೆ ಹೊರಟಿತು."

"ಅಜ್ಜಿ, ಟೈಮು ನೋಡಿ," ಅಂದಳು ವಾರಾ. "ಏಳು ಎಂಟು. ನನ್ನ ಪಟ್ಟಿ ಸರಿ ಬಂತು."

ನೀಲಿ ಗಾಡಿ. ಹಣೆಯ ಮೇಲೆ ಹದಿನೇಳು. ಎಲೆಯುತೇರಿಯೊ ಮೇಲೆ ಹತ್ತಿ ಮೂಟೆ ಬಿಗಿಯುತ್ತಿದ್ದವನು ಬಸಿಲಿಯಾಳನ್ನು ಕಂಡು, ಹಗ್ಗ ಹಿಡಿದ ಕೈಯನ್ನು ಹಾಗೆಯೇ ನಿಲ್ಲಿಸಿದ.

ಚಳಿಗೆ ಬಾಗಿಲನ್ನು ಮುಕ್ಕಾಲು ಎಳೆದಿದ್ದರು. ಸಬೀನಾ ಅದನ್ನು ಸರಿಸಲು ಕೈ ಹಾಕಿದಳು. ಹಾಕಿದ ಕೈ ಅಲ್ಲೇ ನಿಂತಿತು. ದಿನಕ್ಕೆ ಹತ್ತು ಸಲ ಮನೆಯ ಗೇಟು ತೆಗೆಯುವ ಕೈ ಅದು. ಕಣ್ಣು ನೋಡುವ ಮೊದಲೇ ಅದಕ್ಕೆ ತಿಳಿದಿತ್ತು.

"ಇದು ನಮ್ಮ ಗೇಟಿನ ಹಿಡಿ," ಎಂದಳು.

"ಅತ್ತಿಗೆ, ನಾನು ಎಷ್ಟೋ ಜನಕ್ಕೆ ಮಾಡಿಕೊಟ್ಟಿದೀನಿ..." ತೆಯೊದೊರೊ ಶುರುಮಾಡಿದ.

"ಸುಮ್ನಿರು," ಅಂದಳು ಬಸಿಲಿಯಾ. "ಸಬೀನಾ, ಇದು ಸೆವೆರೊನ ಗಾಡಿ. ಒಡೆಸ್ಲಿಲ್ಲ. ನಾನು ಮಾರಿದೆ. ಸೂರು ಹಾಕಿಸಿದ್ದು, ಇವಳ ಶಾಲೆ, ಎಲ್ಲ ಅದರಿಂದ್ಲೇ."

ಒಳಗಿನಿಂದ ಯಾರೋ ಹೇಳಿದರು: "ಹತ್ತಿ ತಾಯಿ, ಚಳಿ ಒಳಗೆ ಬರ್ತಿದೆ." ಇನ್ನೊಬ್ಬರು: "ನಾಲ್ಕು ಜನಕ್ಕೋಸ್ಕರ ಹತ್ತು ಜನ ಕಾಯ್ತಿದೀವಿ. ಮನೆ ಜಗಳ ದಾರೀಲಿ ಆಡ್ಕೊಳ್ಳಿ, ನಾವೂ ಕೇಳ್ತೀವಿ."

ಸಬೀನಾ ಹಿಡಿಯಿಂದ ಕೈ ತೆಗೆಯಲಿಲ್ಲ. ತಲೆಯೆತ್ತಿ ಎಲೆಯುತೇರಿಯೊನನ್ನು ಕೇಳಿದಳು: "ಎಷ್ಟು ದಿನದಿಂದ ಓಡಿಸ್ತಿದೀರಿ?"

"ಎರಡೂವರೆ ವರ್ಷ ಆಯ್ತಮ್ಮ."

"ಏನಾದ್ರೂ ಆಗಿದ್ಯಾ?"

ಅವನು ಹಗ್ಗದ ಗಂಟನ್ನೇ ನೋಡುತ್ತ ಅಂದ, "ಬೀಳೋದು ಗೀಳೋದು ಏನೂ ಆಗಿಲ್ಲ."

ಅವಳು ಬಾಗಿಲನ್ನು ಪೂರ್ತಿ ಸರಿಸಿದಳು. ಬಾಗಿಲ ಪಕ್ಕದಲ್ಲೇ ಮಗುವಿಗೆ ಹಾಲು ಕುಡಿಸುವ ಒಬ್ಬಳು. ಅವಳ ಹಿಂದೆ ಮೂಟೆ ತಬ್ಬಿಕೊಂಡ ಮುದುಕ, ಶಾಲೆಯ ಸ್ವೆಟರಿನ ಇಬ್ಬರು ಹುಡುಗಿಯರು. ಒಬ್ಬೊಬ್ಬರನ್ನೇ ನೋಡಿ ಸಬೀನಾ ಅತ್ತೆಯ ಕಡೆ ತಿರುಗಿದಳು.

"ಇವರನ್ನೆಲ್ಲ ಕೂರ್ಸಿದೀರಿ."

"ಹೂಂ."

"ಹಾಗಾದ್ರೆ ನೀವೂ ಕೂತ್ಕೊಳ್ಳಿ. ನೀವೊಬ್ಬರೇ. ನಾವು ಹಿಂದಿನ ಗಾಡೀಲಿ ಬರ್ತೀವಿ. ಬಂದ್ರೆ."

ವಾರಾ "ಅಮ್ಮ" ಎಂದು ಬಾಯಿ ತೆಗೆದಳು. ಸಬೀನಾ ಅವಳ ತೋಳು ಹಿಡಿದಳು. ಬಸಿಲಿಯಾ ಮುಂದಿನ ಬಾಗಿಲಿಗೆ ಹೋಗಿ, ಪಾವಡೆ ಎತ್ತಿಕೊಂಡು, ಎರಡು ಸಲ ಕಾಲು ಜಾರಿ, ಮೂರನೆಯ ಸಲಕ್ಕೆ ಹತ್ತಿ ಡ್ರೈವರಿನ ಪಕ್ಕ ಕೂತಳು. ಉಳಿದ ಮೂರು ಸೀಟಿಗೆ ಹೂ ಮಾರುವ ಒಬ್ಬಳೂ ಇಬ್ಬರು ಕೂಲಿಯವರೂ ಬಂದರು. ಗಾಡಿ ತುಂಬಿತು, ಹೊರಟಿತು.

ಎಲ್ ಆಲ್ತೊ ದಾಟಿತು, ಅಚಕಾಚಿ ದಾಟಿತು. ವರಿಸಾತಾದಲ್ಲಿ ತಡೆಯ ಕಲ್ಲುಗಳನ್ನು ಪಕ್ಕಕ್ಕೆ ಸರಿಸಿದ್ದರು. ಟೈರಿನ ಬೂದಿ ಇನ್ನೂ ರಸ್ತೆಯಲ್ಲೇ ಇತ್ತು. ಆಮೇಲೆ ಇಳಿಜಾರು, ಮಂಜು. ಎಲೆಯುತೇರಿಯೊ ಗಾಡಿಯ ದೀಪ ಹಾಕಿದ. ಕೊನೆಯ ತಿರುವಿಗೆ ಮೊದಲು ಗಾಡಿ ನಿಧಾನವಾಯಿತು. ನಿಂತಿತು. ಬಸಿಲಿಯಾ ಕಣ್ಣು ಮುಚ್ಚಬೇಕೆಂದುಕೊಂಡವಳು ಮುಚ್ಚಲಿಲ್ಲ.

ಅವನು ಇಳಿದು, ಮುಂದಿನಿಂದ ಸುತ್ತಿ ಬಂದು, ನಡುವಿನ ಬಾಗಿಲನ್ನು ಪೂರ್ತಿ ಸರಿಸಿ ತೆಗೆದು, ಪಕ್ಕಕ್ಕೆ ನಿಂತ. ಯಾರೂ ಇಳಿಯಲಿಲ್ಲ. ಮುದುಕ ಟೋಪಿ ತೆಗೆದ. ಬಾಗಿಲ ಪಕ್ಕದ ಹೆಂಗಸು ಮಗುವನ್ನು ಎದೆಗೆ ಒತ್ತಿಕೊಂಡು, ಮೊಣಕಾಲು ಒಂದು ಬದಿಗೆ ಮಡಚಿ, ದಾರಿ ಬಿಟ್ಟಳು. ಸ್ವಲ್ಪ ಹೊತ್ತಿನ ಮೇಲೆ ಅವನು ಬಾಗಿಲು ಮುಚ್ಚಿ ಬಂದು ಕೂತ.

ಬಸಿಲಿಯಾ ಅವನ ಕಡೆ ತಿರುಗಿದಳು. "ಯಾರು ಇಳಿದ್ರು?"

"ನಿಮಗೆ ಗೊತ್ತಿಲ್ವಾ ಅಮ್ಮ?" ಅವನು ಗಾಡಿ ಶುರುಮಾಡಿದ. "ಮೊದಮೊದಲು ನಾನು ನಿಲ್ಲಿಸ್ತಿರ್ಲಿಲ್ಲ. ಇಲ್ಲಿಂದಾಚೆ ಬ್ರೇಕು ಹಿಡೀತಿರ್ಲಿಲ್ಲ, ಗಾಡಿ ಭಾರ. ಮೂರು ಮೆಕ್ಯಾನಿಕ್ಕು ನೋಡಿದ್ರು. ಒಂದು ದಿನ ಸುಮ್ನೆ ನಿಲ್ಲಿಸಿ ಬಾಗಿಲು ತೆಗ್ದೆ. ಹಗುರ ಆಯ್ತು. ದಿನಾ ಓಡಾಡೋರಿಗೆ ರೂಢಿ ಆಗಿದೆ."

ಸೊರಾತಾದ ಚೌಕದಲ್ಲಿ, ಎತ್ತರದ ಈಚಲ ಮರಗಳ ಕೆಳಗಿನ ಬೆಂಚಿನ ಮೇಲೆ ಬಸಿಲಿಯಾ ಎರಡು ಗಂಟೆ ಕೂತಳು. ಮಂಜು ಸರಿದು ಇಲ್ಯಾಂಪು ಬೆಟ್ಟ ಕಂಡಿತು, ಮತ್ತೆ ಮುಚ್ಚಿತು. ಬಂದ್ರೆ, ಎಂದಿದ್ದಳು ಸಬೀನಾ. ಲಾ ಪಾಸಿನ ಗಾಡಿಯೊಂದು ಬಂದು ನಿಂತು, ಒಬ್ಬೊಬ್ಬರೇ ಇಳಿದರು. ವಾರಾ. ತೆಯೊದೊರೊ. ಬಹಳ ಹೊತ್ತು ಯಾರೂ ಇಲ್ಲ. ಆಮೇಲೆ ಬೆನ್ನಿನ ಗಂಟು ಬಾಗಿಲಿಗೆ ಸಿಕ್ಕಿಕೊಂಡು ಬಿಡಿಸಿಕೊಳ್ಳುತ್ತ ಸಬೀನಾ.

ಅಮ್ಮನಿಗೂ ಅಜ್ಜಿಗೂ ನಡುವೆ ವಾರಾ ಕೂತಳು. ಸಬೀನಾ ಬೆಂಚಿನ ಮೇಲೆ ಬಟ್ಟೆ ಹಾಸಿ ಎಲ್ಲ ಬಿಚ್ಚಿಟ್ಟಳು. ಯಾರಿಗೂ ಉಣ್ಣಿ ಅನ್ನಲಿಲ್ಲ.

"ಭಯ ಆಯ್ತಾ ಅಜ್ಜಿ?" ವಾರಾ ಕೇಳಿದಳು.

ಬಸಿಲಿಯಾ ನಡೆದದ್ದನ್ನು ನಡೆದ ಹಾಗೆ ಹೇಳಿದಳು. ಹೆಂಗಸು ಮೊಣಕಾಲು ಮಡಚಿದ್ದನ್ನು ಹೇಳುವಾಗ ಸಬೀನಾ ಚೀಸು ಕೊಯ್ಯುವುದನ್ನು ನಿಲ್ಲಿಸಿದಳು.

"ವಾಪಸು ಹೋಗೋವಾಗ ಹತ್ತುತಾನಂತಾ?"

"ಕೇಳ್ಲಿಲ್ಲ."

ಸಬೀನಾ ಎದ್ದು, ಚೌಕದ ಆಚೆ ಸಾರು ಕುಡಿಯುತ್ತ ಕೂತಿದ್ದ ಎಲೆಯುತೇರಿಯೊನ ಹತ್ತಿರ ಹೋದಳು. ಅವನು ಬಟ್ಟಲು ಕೆಳಗಿಟ್ಟು ಎದ್ದು ನಿಂತದ್ದು ಕಂಡಿತು. ಮಾತು ಕೇಳಿಸಲಿಲ್ಲ. ತಿರುಗಿ ಬಂದವಳು ಬಸಿಲಿಯಾಳ ಎದುರಿಗೆ ನಿಂತಳು.

"ಹತ್ತಲ್ವಂತೆ. ವಾಪಸು ಹೋಗೋವಾಗ್ಲೂ ಅಲ್ಲಿ ನಿಲ್ಲಿಸಿ ನೋಡಿದಾನಂತೆ. ಗಾಡಿ ಹಗುರಾಗೇ ಇರುತ್ತಂತೆ. ಮತ್ತೆ ಸ್ಮಶಾನದ ಹತ್ರದಿಂದ್ಲೇ ಭಾರ ಆಗೋದಂತೆ. ಅಲ್ಲಿ ಹತ್ತುತಾನೆ, ಆ ತಿರುವಲ್ಲಿ ಇಳೀತಾನೆ. ಈ ಊರಿಗೆ ಮಾತ್ರ ಬಂದಿಲ್ಲ." ಅವಳು ಉಸಿರು ತೆಗೆದುಕೊಂಡಳು. "ಮೂರು ಮೇಜು ಹಾಕಿದ್ವಿ. ಕೊನೇ ಟ್ರಿಪ್ಪು ಮುಗಿಸದೋನು ಹೇಗೆ ಹೋಗ್ತಾನೆ? ನಾಳೆ ಬೆಟ್ಟಕ್ಕೆ ಬೇಡ. ಮೇಲೆ ಹೋಗಿ ಕರ್ಕೊಂಡು ಬರೋಣ. ನಡ್ಕೊಂಡು."

"ಏರು ಜಾಸ್ತಿ," ಎಂದಳು ಬಸಿಲಿಯಾ.

"ಗೊತ್ತು. ನೀವು ಕರೆದ್ರೇನೇ ಬರೋದು. ಹೆತ್ತೋರು ಕರೀಬೇಕು."

ಮಾರನೆಯ ದಿನ ಏರುವುದಕ್ಕೇ ಮೂರು ಗಂಟೆ ಹಿಡಿಯಿತು. ಬಸಿಲಿಯಾ ಹತ್ತು ಹೆಜ್ಜೆಗೆ ಒಮ್ಮೆ ನಿಂತಳು. ತೆಯೊದೊರೊ ಹಿಂದಿನಿಂದ ಆಸರೆ ಕೊಟ್ಟ. ತಿರುವಿನಲ್ಲಿ ಅವನು ಮೈಮೇಲಿದ್ದ ಅಣ್ಣನ ಹಳೆಯ ಜಾಕೆಟ್ಟು ಬಿಚ್ಚಿ ತಾಯಿಗೆ ಕೊಟ್ಟ. ಹೆದರಿ ಆತ್ಮ ಕಳೆದುಕೊಂಡ ಮಗುವನ್ನು ಕರೆಯುವ ಹಾಗೆ ಬಸಿಲಿಯಾ ಅದನ್ನು ಕಣಿವೆಯ ಕಡೆ ಬೀಸುತ್ತ ಕರೆದಳು. "ಸೆವೆರೊ, ಬಾ ಮಗನೆ. ಹೋಗೋಣ ಬಾ. ನಾನು ಮಾರ್ಬಾರ್ದಿತ್ತು. ಬಾ." ಮೂರು ಸಲ ಕರೆದು ಜಾಕೆಟ್ಟನ್ನು ಎದೆಗೆ ಅವಚಿಕೊಂಡಳು. ತಿರುಗಿ ನೋಡಬಾರದು. ನಾಲ್ವರೂ ಇಳಿಯತೊಡಗಿದರು.

ಯಾರೂ ಹೇಳಿಕೊಡದಿದ್ದರೂ ಸಬೀನಾ ತನ್ನ ಎಡಕ್ಕೆ ಒಂದಾಳಿನ ಜಾಗ ಬಿಟ್ಟು ನಡೆಯುತ್ತಿದ್ದಳು. ಅರ್ಧ ದಾರಿಯಲ್ಲಿ ಹಿಂದಿನಿಂದ ಗಾಡಿಯ ಹಾರ್ನ್ ಕೇಳಿಸಿತು. ಮಂಜಿನಲ್ಲಿ ಯಾವ ಗಾಡಿ ಎಂದು ಕಾಣಲಿಲ್ಲ. ಸಬೀನಾ ಬೆಟ್ಟದ ಬದಿಗೆ ಸರಿದು, ಪಕ್ಕದ ಬರಿ ಗಾಳಿಗೆ ತೋಳು ಅಡ್ಡ ಹಿಡಿದು, ರಸ್ತೆಗೆ ಇಳಿಯುವವರನ್ನು ತಡೆಯುವ ಹಾಗೆ ನಿಂತಳು. ಇನ್ನೊಂದು ಕೈಯನ್ನು, ಕಣಿವೆಯ ಅಂಚಿನಲ್ಲಿ ನಿಂತುಬಿಟ್ಟಿದ್ದ ಮುದುಕಿಯ ಕಡೆಗೆ ಚಾಚಿದಳು.

"ಅಂಚಲ್ಲಿ ನಿಲ್ಬೇಡಿ ಅತ್ತೆ," ಎಂದಳು. "ಒಳಗಡೆ ಬನ್ನಿ."